ಮಗು ಓದುವಾಗ ನೀವು ಸುಮ್ಮನಿರಿ

ನನ್ನಲ್ಲಿಗೆ ಬರುವ ಅಪ್ಪ ಅಮ್ಮಂದಿರ ದೂರು ಹೆಚ್ಚುಕಮ್ಮಿ ಒಂದೇ: "ಮೇಡಂ, ದಿನಾ ಕೂತ್ಕೊಂಡು ಓದಿಸ್ತೇವೆ, ಆದ್ರೂ ಇವನಿಗೆ ಓದ್ಲಿಕ್ಕೆ ಬರುದಿಲ್ಲ." ಹೇಗೆ ಓದಿಸ್ತೀರಿ, ಇಲ್ಲೇ ಒಮ್ಮೆ ತೋರಿಸಿ ಎನ್ನುತ್ತೇನೆ. ಮಗು ಪುಸ್ತಕ ತೆರೆಯುತ್ತದೆ. "ಮರದ... ಮೇಲೆ... ಕಾ..." ಅಷ್ಟರಲ್ಲಿ ಅಮ್ಮ, "ಕಾಗೆ!" ಮಗು, "ಕಾಗೆ... ಕು..." ಅಮ್ಮ, "ಕುಳಿತಿತ್ತು! ನಿನ್ನೆ ಹೇಳಿಕೊಟ್ಟದ್ದಲ್ವಾ?" ಆ ಹೊತ್ತಿನಲ್ಲಿ ನಾನು ನೋಡುವುದು ಮಗುವಿನ ಕಣ್ಣನ್ನು. ಅದು ಪುಟದ ಮೇಲಿರುವುದಿಲ್ಲ, ಅಮ್ಮನ ಬಾಯಿಯ ಮೇಲಿರುತ್ತದೆ. ಉತ್ತರ ಬರುವುದು ಅಲ್ಲಿಂದ ಎಂಬುದು ಮಗುವಿಗೆ ಗೊತ್ತಾಗಿದೆ, ಮತ್ತೆ ಪುಸ್ತಕವನ್ನು ಯಾಕೆ ನೋಡಬೇಕು?

ಮೊಬೈಲು ಕಡಿಮೆ ಮಾಡಿ, ಮಲಗುವಾಗ ಕತೆ ಹೇಳಿ ಎಂದೆಲ್ಲ ನಾನು ಬರೆಯುವುದಿಲ್ಲ, ಅದು ನಿಮಗೆ ಗೊತ್ತಿದೆ. ನನಗೆ ಹೇಳಲಿಕ್ಕಿರುವುದು ಇಷ್ಟೇ: ಮಗು ತಡವರಿಸಿದಾಗ ಐದು ಸೆಕೆಂಡು ಬಾಯಿ ತೆರೆಯಬೇಡಿ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ನಿಧಾನಕ್ಕೆ. ಇದು ನನ್ನ ಸ್ವಂತ ಸಂಶೋಧನೆಯಲ್ಲ. 1970ರ ದಶಕದ ಕೊನೆಯ ಹೊತ್ತಿಗೆ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಓದಿನಲ್ಲಿ ಹಿಂದುಳಿದ ಮಕ್ಕಳ ಹೆತ್ತವರಿಗೇ ತರಬೇತಿ ಕೊಟ್ಟು ರೂಪಿಸಿದ ಕ್ರಮ. ಮೊದಲು ಕಾಯುವುದು, ಆಮೇಲೆ ಸುಳಿವು, ಸರಿಯಾದಾಗ ಮೆಚ್ಚುಗೆ.

ಕಾದರೆ ಏನಾಗುತ್ತದೆ ಎನ್ನುತ್ತೀರಾ? ಪುಸ್ತಕದಲ್ಲಿ "ಮಳೆ ಬಂತು. ಅಜ್ಜಿ ಕೊಡೆ ಬಿಡಿಸಿದರು" ಎಂದಿದೆ ಅನ್ನಿ. ಮಗು "ಅಜ್ಜಿ ಕೊಡ ಬಿಡಿಸಿ..." ಎಂದು ಓದಿ ನಿಲ್ಲುತ್ತದೆ. ಕೊಡವನ್ನು ಯಾರಾದರೂ ಬಿಡಿಸುತ್ತಾರಾ? ಹಿಂದಕ್ಕೆ ಹೋಗಿ ಎತ್ವವನ್ನು ಕಂಡು "ಕೊಡೆ" ಎನ್ನುತ್ತದೆ. ತನ್ನ ತಪ್ಪನ್ನು ತಾನೇ ಹಿಡಿದ ಆ ಒಂದು ಕ್ಷಣದಲ್ಲಿ ಮಗು ಕಲಿಯುವಷ್ಟು ನೀವು ಇಪ್ಪತ್ತು ಸಲ ತಿದ್ದಿದರೂ ಕಲಿಯುವುದಿಲ್ಲ. "ಕೊಡ" ಎಂದ ಕೂಡಲೇ ನೀವು "ಕೊಡೆ!" ಎಂದು ಕೂಗಿದರೆ ಆ ಕ್ಷಣ ಬರುವುದೇ ಇಲ್ಲ.

ಐದು ಸೆಕೆಂಡು ಕಳೆದರೂ ಬರದಿದ್ದರೆ ಸುಳಿವು ಕೊಡಿ. ಓದಿದ್ದು ಅರ್ಥಕ್ಕೆ ಹೊಂದದಿದ್ದರೆ ಅರ್ಥದ ಬಗ್ಗೆ ಕೇಳಿ: "ಮಳೆ ಬಂದಾಗ ಅಜ್ಜಿ ಏನು ಬಿಡಿಸ್ತಾರೆ?" ಅರ್ಥ ಹೊಂದಿ ಅಕ್ಷರ ತಪ್ಪಿದ್ದರೆ, ಉದಾಹರಣೆಗೆ "ಅಮ್ಮ" ಎಂದಿರುವಲ್ಲಿ "ಅಜ್ಜಿ" ಎಂದು ಓದಿದರೆ, ಆ ಅಕ್ಷರದ ಮೇಲೆ ಬೆರಳಿಡಿ. ಸುಮ್ಮನೆ ನಿಂತುಬಿಟ್ಟಿದ್ದರೆ ವಾಕ್ಯವನ್ನು ಮೊದಲಿನಿಂದ ಓದಿಸಿ. ಎರಡು ಸಲಕ್ಕೂ ಆಗದಿದ್ದರೆ ಪದವನ್ನು ನೀವೇ ಹೇಳಿ ಮುಂದೆ ಹೋಗಿ. ಕತೆ ಅಲ್ಲೇ ಕೂರಬಾರದು. ಹತ್ತು ಪದಕ್ಕೆ ಒಂದಕ್ಕಿಂತ ಹೆಚ್ಚು ತಪ್ಪುತ್ತಿದ್ದರೆ ಆ ಪುಸ್ತಕವೇ ಸದ್ಯಕ್ಕೆ ಕಷ್ಟದ್ದು, ಸುಲಭದ್ದನ್ನು ಹುಡುಕಿ.

"ಅಲ್ಲ ಮೇಡಂ, ಎರಡನೇ ಕ್ಲಾಸಿಗೆ ಬಂದಾಯ್ತು, ಇನ್ನೂ ಒತ್ತಕ್ಷರ ಬರುದಿಲ್ಲ" ಎನ್ನುವವರಿಗೆ ಒಂದು ಮಾತು. ನಮ್ಮ ವರ್ಣಮಾಲೆಯ 49 ಅಕ್ಷರಗಳು ಬರೀ ಬಾಗಿಲು. 34 ವ್ಯಂಜನಗಳಿಗೆ ಕಾಗುಣಿತ ಸೇರಿದರೆ ನಾನೂರು ದಾಟುತ್ತದೆ, ಅದರ ಮೇಲೆ ಒತ್ತುಗಳು. ಕನ್ನಡ ಓದುವ ಮಕ್ಕಳ ಬಗ್ಗೆ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅಕ್ಷರ ಕಲಿಕೆ ಮೂರು, ನಾಲ್ಕನೇ ತರಗತಿಯವರೆಗೂ ಮುಂದುವರಿಯುವುದು ಕಂಡುಬಂದಿದೆ. ಅರ್ಕಾವೊತ್ತನ್ನೇ ನೋಡಿ. ಬಾಯಲ್ಲಿ ಮೊದಲು ಬರುವ 'ರ್' ಕಾಗದದಲ್ಲಿ ಆಮೇಲೆ ಬರುತ್ತದೆ. ಮಗು "ಕಾರ್ಕಳ"ವನ್ನು ಕಂಡ ಹಾಗೆಯೇ "ಕಾಕರ್ಳ" ಎಂದು ಓದಿದರೆ ಅದು ದಡ್ಡತನವಲ್ಲ, ಪ್ರಾಮಾಣಿಕತೆ. ಉಡುಪಿಯವರಿಗೆ ಇದಕ್ಕೆ ವರ್ಕ್‌ಶೀಟ್ ಬೇಡ, ಮಣಿಪಾಲದ ಮೇಲೆ ಹೋಗುವ ಬಸ್ಸಿನ ಬೋರ್ಡು ಸಾಕು: ಪರ್ಕಳ, ಕಾರ್ಕಳ. ಮಂಗಳೂರಿನವರಿಗೆ ತೊಕ್ಕೊಟ್ಟು ಇದೆ, ಒಂದೇ ಪದದಲ್ಲಿ ಎರಡು ಒತ್ತು. ತುಳು ಮಾತಾಡುವ ಮನೆಯ ಮಗು ಭಾರತವನ್ನು "ಬಾರತ" ಎಂದು ಬರೆದರೂ ಗಾಬರಿ ಬೇಡ. ಮನೆಮಾತಿನಲ್ಲಿ ಮಹಾಪ್ರಾಣ ಕೇಳಿಸದ ಮಗು ಕೇಳಿದ್ದನ್ನೇ ಬರೆದಿದೆ, ಅಷ್ಟೆ. ಅದಕ್ಕಾಗಿ ಮನೆಯಲ್ಲಿ ತುಳು ನಿಲ್ಲಿಸುತ್ತೇವೆ ಎನ್ನುವವರ ಮೇಲೆ ಮಾತ್ರ ನನಗೆ ಸಿಟ್ಟು ಬರುತ್ತದೆ. (ಶಾಲೆಯಲ್ಲಿ ಅ ಆ ಇ ಈ ಬಿಟ್ಟು "ರ ಗ ಸ ದ ಅ" ಹೇಳಿಕೊಡ್ತಾರೆ ಎಂದು ಜಗಳಕ್ಕೆ ಹೋಗುವವರೂ ಇದ್ದಾರೆ. ಆ ಐದರಲ್ಲಿ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಅ ಆ ಇ ಈಯಲ್ಲಿ ಏನು ಓದಿಸ್ತೀರಿ?)

ನಾನು ಕಂಡ ಒಳ್ಳೆಯ ಓದಿನ ಮೇಷ್ಟ್ರೊಬ್ಬರು ಕಾಪು ಕಡೆಯ ಒಬ್ಬ ಅಜ್ಜ. ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಮುಂದೆ ಹಾಕುತ್ತಲೇ ಇದ್ದರು. ದಿನಾ ಬೆಳಿಗ್ಗೆ ಮೂರನೇ ಕ್ಲಾಸಿನ ಮೊಮ್ಮಗನಿಂದ ಪೇಪರಿನ "ಇಂದಿನ ಯಕ್ಷಗಾನ" ಓದಿಸುವರು. ಯಾವ ಮೇಳ, ಎಲ್ಲಿ, ಯಾವ ಪ್ರಸಂಗ ಎಂದು ಅವರಿಗೆ ನಿಜವಾಗಿಯೂ ಬೇಕಿತ್ತು. ಅಕ್ಷರ ಕಾಣದ ಕಾರಣ ತಿದ್ದುವ ಹಾಗಿರಲಿಲ್ಲ. ಗೊತ್ತಾಗದಿದ್ದರೆ ತುಳುವಿನಲ್ಲಿ "ದಾದ?" (ಏನು?) ಎನ್ನುವರು, ಹುಡುಗ ಮತ್ತೆ ಓದುವನು. "ಧರ್ಮಸ್ಥಳ ಮೇಳ"ದ ಮುಂದೆ ಮೊದಮೊದಲು ಎಡವುತ್ತಿದ್ದವನು ಮಳೆಗಾಲಕ್ಕೆ ಮೇಳದ ತಿರುಗಾಟ ಮುಗಿಯುವಷ್ಟರಲ್ಲಿ ಪ್ರಸಂಗದ ಹೆಸರುಗಳನ್ನೂ ಸರಾಗ ಓದುತ್ತಿದ್ದ. ಅವನ ಅಮ್ಮ ಬಂದು "ಅಜ್ಜನಿಂದ ಏನೂ ಪ್ರಯೋಜನ ಇಲ್ಲ, ತಪ್ಪು ಓದಿದ್ರೂ ಬಿಡ್ತಾರೆ" ಎಂದಾಗ ನಗು ತಡೆಯುವುದು ಕಷ್ಟವಾಯಿತು.

ಬರವಣಿಗೆಯದ್ದೂ ಇದೇ ಕತೆ, ಇಲ್ಲಿ ಬಾಯಿಯ ಬದಲು ಕೆಂಪು ಪೆನ್ನು. ಒಬ್ಬಳು ಪುಟ್ಟಿ ಬರೆದಿದ್ದಳು: "ಮಲ್ಪೆಗೆ ಹೋದೆವು. ಅಲೆ ಬಂದು ನನ್ನ ಚಪ್ಲಿ ತಕೊಂಡು ಹೋಯ್ತು. ಅಪ್ಪ ಓಡಿದರು." ಅಪ್ಪ "ಚಪ್ಲಿ"ಗೆ ಸುತ್ತು ಹಾಕಿ "ಚಪ್ಪಲಿ" ಎಂದು ಹತ್ತು ಸಲ ಬರೆಸಿದರು. ಮುಂದಿನ ಪುಟದಲ್ಲಿ ಇದ್ದದ್ದು: "ನಾವು ದೇವಸ್ಥಾನಕ್ಕೆ ಹೋದೆವು. ಚೆನ್ನಾಗಿತ್ತು." ತಪ್ಪು ಒಂದೂ ಇಲ್ಲ, ಹೇಳಿದ್ದೂ ಏನಿಲ್ಲ. ಗೊತ್ತಿರುವ ಪದ ಮಾತ್ರ ಬರೆದರೆ ಬಚಾವು ಎಂದು ಮಗು ಲೆಕ್ಕ ಹಾಕಿದೆ. ಅದರ ಬದಲು ಕೆಳಗೆ ಒಂದು ಸಾಲು ನೀವು ಬರೆಯಿರಿ: "ಮತ್ತೆ ಚಪ್ಪಲಿ ಸಿಕ್ಕಿತಾ ಮಗಳೇ?" ಸರಿಯಾದ ಪದ ಅವಳ ಕಣ್ಣಿಗೆ ಬಿತ್ತು, ಉತ್ತರ ಬರೆಯಲು ಕಾರಣವೂ ಸಿಕ್ಕಿತು. ಪರೀಕ್ಷೆಯ ಉತ್ತರವನ್ನು ತಿದ್ದಬೇಡಿ ಎಂದು ನಾನು ಹೇಳುತ್ತಿಲ್ಲ. ಅದು ಬೇರೆ, ಇದು ಬೇರೆ.

ಎಲ್ಲ ಮಕ್ಕಳಿಗೂ ಇದೊಂದೇ ಸಾಕಾಗುತ್ತದೆ ಎಂಬ ಭರವಸೆ ಕೊಡಲಾರೆ. ಮೂರನೇ ತರಗತಿ ನಡೆಯುತ್ತಿದ್ದು, ಕೆಲವು ತಿಂಗಳು ಹೀಗೆ ಓದಿಸಿದರೂ ಸರಳ ಪದಗಳೇ ಹಿಡಿತಕ್ಕೆ ಸಿಗದಿದ್ದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಎರಡೂ ಸರಿ ಇದ್ದರೆ ಕಲಿಕಾ ತೊಂದರೆಯ ಪರೀಕ್ಷೆಗೆ ಬನ್ನಿ. ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ, ಮುಚ್ಚಿಡುವ ವಿಷಯವಲ್ಲ. ಬರುವಾಗ ಮಗು ತಾನೇ ಬರೆದ ನೋಟ್‌ಬುಕ್ ತನ್ನಿ. ಹಿಂದಿನ ರಾತ್ರಿ ಕೂರಿಸಿ ತಿದ್ದಿ ಬರೆಸಿದ್ದು ಬೇಡ. ಅದರಲ್ಲಿ ನನಗೆ ನಿಮ್ಮದು ಮಾತ್ರ ಕಾಣುತ್ತದೆ.