ಪದ ಪರಿಚಯ: ಪೀರ್ ಮೆಂಟರಿಂಗ್

ಕಾಲೇಜಿಗೆ ಹೊಸದಾಗಿ ಸೇರಿದವರಿಗೆ ಅದೇ ಕಾಲೇಜಿನ ಹಿರಿಯ ವಿದ್ಯಾರ್ಥಿ ಮೊದಲ ವರ್ಷವಿಡೀ ಜೊತೆಗಿದ್ದು ದಾರಿ ತೋರಿಸುವ ವ್ಯವಸ್ಥೆಯೇ ಪೀರ್ ಮೆಂಟರಿಂಗ್. ಹಾಗೆ ಜೊತೆಗಿರುವವರು ಮೆಂಟರ್. ಪಾಠ ಹೇಳುವುದು ಇವರ ಕೆಲಸವಲ್ಲ, ಆಪ್ತಸಮಾಲೋಚನೆಯೂ ಅಲ್ಲ. ತಾವು ಈಗಷ್ಟೇ ದಾಟಿ ಬಂದ ತೊಡಕುಗಳನ್ನು ಹೊಸಬರಿಗೆ ಮೊದಲೇ ತಿಳಿಸಬೇಕು, ಅಷ್ಟೆ.

ರ‍್ಯಾಗಿಂಗ್ ತಡೆಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರಲ್ಲಿ ತಂದ ನಿಯಮಾವಳಿಯಲ್ಲೇ ಇದು ಇದೆ: ಆರು ಹೊಸಬರಿಗೆ ಒಬ್ಬ ಮೆಂಟರ್. ತಾವಾಗಿ ಮುಂದೆ ಬಂದವರನ್ನೇ ಸೇರಿಸಿ, ಹಿಂದಿನ ಶೈಕ್ಷಣಿಕ ವರ್ಷದ ಕೊನೆಗೇ ಮೆಂಟರಿಂಗ್ ಘಟಕ ರಚಿಸಬೇಕು. ತರಗತಿ ಶುರುವಾದ ಮೇಲೆ ಹೆಸರು ಬರೆದುಕೊಳ್ಳಲು ಹೊರಟರೆ, ಆಸರೆ ಹೆಚ್ಚು ಬೇಕಾದ ಮೊದಲ ವಾರಗಳು ಕಳೆದೇ ಹೋಗಿರುತ್ತವೆ. ಶಿರಸಿಗೆ ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಂದ, ಕಾರವಾರಕ್ಕೆ ಜೋಯಿಡಾ ಕಡೆಯಿಂದ ಬರುವವರಿಗೆ ಆ ವಾರಗಳಲ್ಲಿ ಮಳೆ, ಬಸ್ಸು, ಇಂಗ್ಲಿಷ್ ಮಾಧ್ಯಮದ ಪಾಠ ಎಲ್ಲವೂ ಒಟ್ಟಿಗೇ ಎದುರಾಗುತ್ತವೆ.

ಮಾತು ಮೆಂಟರ್ ಕಡೆಯಿಂದಲೇ ಶುರುವಾಗಬೇಕು. “ಏನಾದರೂ ಬೇಕಾದರೆ ಕೇಳು” ಎಂದರೆ “ಎಂತದೂ ಇಲ್ಲ ಅಕ್ಕಾ” ಎಂಬ ಉತ್ತರವೇ ಬರುತ್ತದೆ. “ಇಕನಾಮಿಕ್ಸ್ ನೋಟ್ಸ್ ಎಲ್ಲಿವರೆಗೆ ಆಯ್ತು? ಊರಿಗೆ ಕೊನೆ ಬಸ್ಸು ಎಷ್ಟೊತ್ತಿಗೆ?” ಎಂದು ಕೇಳಿದರೆ ನಿಜ ಸಂಗತಿ ಹೊರಬರುತ್ತದೆ. ಮಧ್ಯಾಹ್ನದ ತರಗತಿ ಯಾಕೆ ತಪ್ಪುತ್ತಿದೆ ಎಂಬುದು ಆಗಲೇ ಗೊತ್ತಾಗುವುದು. ಹಾಜರಾತಿ ಕಡಿಮೆಯಾಗುವ ಮುಂಚೆಯೇ ಅಧ್ಯಾಪಕರಿಗೆ ತಿಳಿಸಬಹುದು.

ಹೆಚ್ಚು ಎಡವುವುದು ಸ್ಕಾಲರ್‌ಶಿಪ್‌ನಲ್ಲಿ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ತುಂಬುವಾಗ ಜಾತಿ, ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ ಕೈಯಲ್ಲಿರಬೇಕು. ಅವಧಿ ಮುಗಿದಿದ್ದರೆ ಮೊದಲು ನಾಡಕಚೇರಿಗೆ ಹೋಗಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಹೆಸರು, ಇನಿಷಿಯಲ್ ಒಂದೇ ಇವೆಯೇ ಎಂದು ಜೊತೆಗೆ ಕೂತು ನೋಡಬೇಕು. ಇನ್ನೊಂದು, ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಆಗಲಿಲ್ಲ. ಖಾತೆಗೆ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಯಾವ ಖಾತೆಗೆ ಬರಬೇಕೆಂದು ಆಧಾರ್ ಜೊತೆ ಜೋಡಿಸುವ ಕೆಲಸ, ಆಗದಿದ್ದರೆ ಅರ್ಜಿ ಮಂಜೂರಾದರೂ ಹಣ ಬರುವುದಿಲ್ಲ. ಇದನ್ನು ಬ್ಯಾಂಕಿನಲ್ಲೇ ಕೇಳಿ ಖಚಿತಪಡಿಸಿಕೊಳ್ಳಬೇಕು. ನೂರಾರು ಅರ್ಜಿ ನೋಡುವ ಆಫೀಸಿನವರಿಗೆ ಒಬ್ಬೊಬ್ಬರ ಜೊತೆ ಕೂರಲು ಪುರಸೊತ್ತು ಸಿಗುವುದಿಲ್ಲ. ಆರೇ ಜನರನ್ನು ನೋಡಿಕೊಳ್ಳುವ ಮೆಂಟರ್‌ಗೆ ಅದು ಸಾಧ್ಯ.

ಮೆಂಟರ್‌ಗೂ ಒಂದು ಗೆರೆ ಇದೆ. ಹೊಸಬರಿಂದ ತಮ್ಮ ರೆಕಾರ್ಡ್ ಬರೆಸಿಕೊಳ್ಳುವುದು ಅದೇ ಯುಜಿಸಿ ನಿಯಮದ ಪ್ರಕಾರ ರ‍್ಯಾಗಿಂಗ್. ಹೇಳಿಕೊಂಡ ಗುಟ್ಟನ್ನು ಬಯಲು ಮಾಡಬಾರದು. ಆದರೆ ಊಟ, ನಿದ್ದೆ ಬಿಟ್ಟು ಮಂಕಾಗಿರುವವರ, ಜೀವ ಬೇಡವೆನ್ನುವವರ ವಿಷಯ ಗುಟ್ಟಾಗಿ ಉಳಿಯಕೂಡದು. ಅಂದೇ ಅಧ್ಯಾಪಕರಿಗೆ ಹೇಳಬೇಕು, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಜೊತೆಯಲ್ಲಿದ್ದೇ ಕರೆ ಮಾಡಿಸಬೇಕು.