ಇಎಸ್‌ಡಿ: ಹೊಟ್ಟೆ ಕೊಯ್ಯದೆ ಜಠರದ ಕ್ಯಾನ್ಸರ್ ತೆಗೆಯುವ ವಿಧಾನ

ಇಎಸ್‌ಡಿಯ ಪೂರ್ಣ ಹೆಸರು ಎಂಡೋಸ್ಕೋಪಿಕ್ ಸಬ್‌ಮ್ಯೂಕೋಸಲ್ ಡಿಸೆಕ್ಷನ್. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಜಠರದ ಒಳಗೋಡೆಯಲ್ಲಿರುವ ಆರಂಭಿಕ ಕ್ಯಾನ್ಸರನ್ನು ಒಂದೇ ತುಂಡಾಗಿ ಬಿಡಿಸಿ ತೆಗೆಯುವ ಚಿಕಿತ್ಸೆ ಇದು. 1990ರ ದಶಕದ ಕೊನೆಯ ಹೊತ್ತಿಗೆ ಜಪಾನಿನಲ್ಲಿ ರೂಪುಗೊಂಡಿತು. ಜಠರ ಇಡಿಯಾಗಿ ಉಳಿಯುವುದೇ ಇದರ ದೊಡ್ಡ ಲಾಭ.

ಜಠರದ ಗೋಡೆಯಲ್ಲಿ ಒಳಗಿನಿಂದ ಹೊರಕ್ಕೆ ಲೋಳೆಪದರ, ಸಬ್‌ಮ್ಯೂಕೋಸಾ, ಸ್ನಾಯುಪದರ, ಹೊರಪೊರೆ ಇರುತ್ತವೆ. ಮೊದಲ ಎರಡನ್ನು ದಾಟದ ಕ್ಯಾನ್ಸರನ್ನು ಆರಂಭಿಕ ಎನ್ನುತ್ತಾರೆ. ಹಾಗೆಂದು ಆರಂಭಿಕ ಹಂತದ್ದೆಲ್ಲ ಇಎಸ್‌ಡಿಗೆ ಒಗ್ಗುವುದಿಲ್ಲ. ಎಂಡೋಸ್ಕೋಪ್‌ನಿಂದ ಜಠರದ ಹೊರಗಿರುವ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆಯಲಾಗದು. ಲೋಳೆಪದರದಲ್ಲೇ ಇರುವ ಕ್ಯಾನ್ಸರ್ ಆ ಗ್ರಂಥಿಗಳಿಗೆ ಹರಡುವುದು ಅಪರೂಪ. ಸಬ್‌ಮ್ಯೂಕೋಸಾ ಹೊಕ್ಕಿದ್ದರೆ ಸುಮಾರು ಐವರಲ್ಲಿ ಒಬ್ಬರಿಗೆ ಹರಡಿರುತ್ತದೆ. ಆದ್ದರಿಂದ ಅಗಲಕ್ಕಿಂತ ಆಳವೇ ಮುಖ್ಯ. ಲೋಳೆಪದರಕ್ಕೆ ಸೀಮಿತವಾದ, ಹುಣ್ಣಿಲ್ಲದ, ಡಿಫರೆನ್ಷಿಯೇಟೆಡ್ ಬಗೆಯ (ಜೀವಕೋಶಗಳು ಸಹಜ ಕೋಶಗಳನ್ನು ಬಹುಮಟ್ಟಿಗೆ ಹೋಲುವ) ಗೆಡ್ಡೆ 2 ಸೆಂ.ಮೀ.ಗಿಂತ ದೊಡ್ಡದಿದ್ದರೂ ಇಎಸ್‌ಡಿ ಮಾಡಬಹುದು. ಹುಣ್ಣಿದ್ದರೆ ಮಿತಿ 3 ಸೆಂ.ಮೀ.

ಮೊದಲು ಗೆಡ್ಡೆಯ ಅಂಚಿನಿಂದ ಸುಮಾರು 5 ಮಿ.ಮೀ. ಆಚೆ ಸುತ್ತಲೂ ಸುಟ್ಟ ಚುಕ್ಕೆಗಳಿಂದ ಗುರುತು ಹಾಕುತ್ತಾರೆ. ಬಳಿಕ ಸಬ್‌ಮ್ಯೂಕೋಸಾದೊಳಗೆ ಸಲೈನ್ ಅಥವಾ ಹೆಚ್ಚು ಹೊತ್ತು ನಿಲ್ಲುವ ಹೈಲುರಾನಿಕ್ ಆಮ್ಲದ ದ್ರಾವಣ ಚುಚ್ಚುತ್ತಾರೆ. ಅದರಲ್ಲಿ ಇಂಡಿಗೋ ಕಾರ್ಮೈನ್ ಎಂಬ ನೀಲಿ ಬಣ್ಣ ಬೆರೆಸಿರುವುದರಿಂದ ಉಬ್ಬಿದ ಪದರ ನೀಲಿಯಾಗಿ ಕಾಣುತ್ತದೆ, ಅದರಡಿಯ ಸ್ನಾಯು ಬಿಳುಪಾಗಿಯೇ ಉಳಿಯುತ್ತದೆ. ವೈದ್ಯರು ಚುಕ್ಕೆಗಳ ಹೊರಗೆ ಸುತ್ತ ಕತ್ತರಿಸಿ, ವಿದ್ಯುತ್ ಚಾಕುವಿನಿಂದ ಆ ನೀಲಿ ಪದರದಲ್ಲೇ ಸಾಗುತ್ತ ಗೆಡ್ಡೆಯನ್ನು ಬಿಡಿಸುತ್ತಾರೆ. ಎದುರಾದ ರಕ್ತನಾಳಗಳನ್ನು ಅಲ್ಲಲ್ಲೇ ಸುಟ್ಟು ಮುಚ್ಚುತ್ತಾರೆ.

ಹಳೆಯ ಹುಣ್ಣಿನ ಕಲೆ ಇದ್ದಲ್ಲಿ ಪದರಗಳು ಅಂಟಿಕೊಂಡಿರುತ್ತವೆ, ದ್ರಾವಣ ಚುಚ್ಚಿದರೂ ಉಬ್ಬುವುದಿಲ್ಲ. ಸ್ನಾಯು ತೂತಾಗುವ ಅಪಾಯ ಇಲ್ಲೇ ಹೆಚ್ಚು. ತೂತು ಸಣ್ಣದಾದರೆ ಸಾಮಾನ್ಯವಾಗಿ ಒಳಗಿನಿಂದಲೇ ಕ್ಲಿಪ್ ಹಾಕಿ ಮುಚ್ಚಬಹುದು. ರಕ್ತಸ್ರಾವ ಮಾತ್ರ ಮನೆಗೆ ಹೋದ ಮೇಲೂ ಆಗಬಹುದು. ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ತಲೆ ಸುತ್ತಿ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮೊದಲೇ ತಿಳಿಸಬೇಕು, ತಾವಾಗಿಯೇ ನಿಲ್ಲಿಸಬಾರದು.

ತೆಗೆದ ತುಂಡನ್ನು ಹಲಗೆಯ ಮೇಲೆ ಹರಡಿ, ಪಿನ್ ಚುಚ್ಚಿ, ಫಾರ್ಮಲಿನ್‌ನಲ್ಲಿಟ್ಟು, 2 ಮಿ.ಮೀ. ಅಂತರದಲ್ಲಿ ಸೀಳಿ ಪರೀಕ್ಷಿಸುತ್ತಾರೆ. ತುಂಡು ಇಡಿಯಾಗಿ ಬರಬೇಕೆನ್ನುವುದು ಇದಕ್ಕಾಗಿಯೇ: ಚೂರುಚೂರಾದರೆ ಅಂಚು, ಆಳ ಎರಡನ್ನೂ ನಂಬಿಕೆಯಿಂದ ಹೇಳಲಾಗದು. ಅಂಚಿನಲ್ಲಿ ಕ್ಯಾನ್ಸರ್ ಇರಬಾರದು, ರಕ್ತನಾಳ ಮತ್ತು ದುಗ್ಧನಾಳಗಳನ್ನು ಹೊಕ್ಕಿರಬಾರದು. ಸಬ್‌ಮ್ಯೂಕೋಸಾದಲ್ಲಿ 0.5 ಮಿ.ಮೀ.ಗಿಂತ ಆಳಕ್ಕೆ ಇಳಿದಿದ್ದರೆ ಸಾಮಾನ್ಯವಾಗಿ ದುಗ್ಧಗ್ರಂಥಿಗಳ ಸಮೇತ ಜಠರದ ಭಾಗ ತೆಗೆಯುವ ಶಸ್ತ್ರಚಿಕಿತ್ಸೆಗೆ ಸಲಹೆ ಕೊಡುತ್ತಾರೆ. ಹೀಗಾಗಿ ಈ ವರದಿ ಕೈಗೆ ಬರುವವರೆಗೆ ಚಿಕಿತ್ಸೆ ಮುಗಿಯಿತೆಂದು ಭಾವಿಸಬಾರದು.

ಗಾಯ ಮಾಯಲು ಸುಮಾರು 8 ವಾರ ಬೇಕು. ಆಮ್ಲ ತಗ್ಗಿಸುವ ಮಾತ್ರೆ ತಪ್ಪಿಸಬಾರದು. ಜಠರದ ಕ್ಯಾನ್ಸರ್‌ಗೆ ಕಾರಣವಾಗಬಲ್ಲ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕಿದ್ದರೆ ಅದನ್ನೂ ನಿವಾರಿಸುತ್ತಾರೆ. ಉಳಿದ ಜಠರದ ಬೇರೊಂದು ಕಡೆ ಹೊಸ ಕ್ಯಾನ್ಸರ್ ಹುಟ್ಟಬಹುದಾದ್ದರಿಂದ, ಪೂರ್ತಿ ಗುಣವಾದವರೂ 6ರಿಂದ 12 ತಿಂಗಳಿಗೊಮ್ಮೆ ಎಂಡೋಸ್ಕೋಪಿ ಮಾಡಿಸಿಕೊಳ್ಳಬೇಕು.