ಗಂಟೆಗಟ್ಟಲೆ ತಡವಾಗಿ ಬರುವ ಎರಡನೇ ಉಬ್ಬಸ

“ಪಫ್ ತಗೊಂಡ ತಕ್ಷಣ ಸರಿ ಹೋಗುತ್ತೆ ಡಾಕ್ಟ್ರೇ, ಮತ್ತೆ ದಿನಾ ಸ್ಟೀರಾಯ್ಡ್ ಯಾಕೆ?” ಅಸ್ತಮಾ ಇರುವವರು ಜಾಸ್ತಿ ಕೇಳುವ ಪ್ರಶ್ನೆ ಇದು. ನನ್ನ ಪ್ರಕಾರ ಇದಕ್ಕೆ ಒಳ್ಳೆಯ ಉತ್ತರ ಸಿಗುವುದು ಅಲರ್ಜನ್ ಚಾಲೆಂಜ್ ಎಂಬ ಪರೀಕ್ಷೆಯಲ್ಲಿ.

ಇದನ್ನು ಮಾಡುವುದು ಸಂಶೋಧನೆಗೆ, ಸೌಮ್ಯ ಅಸ್ತಮಾ ಇದ್ದು ತಾವಾಗಿ ಮುಂದೆ ಬಂದವರ ಮೇಲೆ. ಅವರಿಗೆ ಯಾವುದು ಅಲರ್ಜಿಯೋ ಅದನ್ನೇ, ಅಂದರೆ ಧೂಳಿನ ನುಸಿ ಅಥವಾ ಹೂವಿನ ಪರಾಗದ ಸತ್ವವನ್ನು, ನೆಬ್ಯುಲೈಸರ್‌ನಲ್ಲಿ ಉಸಿರಿಗೆ ಕೊಡುತ್ತಾರೆ. ಮೊದಲು ಬರೀ ಸಲೈನ್, ಅಂದರೆ ಉಪ್ಪುನೀರು. ಆಮೇಲೆ ತೀರಾ ತೆಳು ದ್ರಾವಣ, ನಂತರ ಅದರ ಎರಡರಷ್ಟು, ಮತ್ತೆ ಎರಡರಷ್ಟು. ಪ್ರತಿ ಸಲ ಸುಮಾರು 10 ನಿಮಿಷ ಬಿಟ್ಟು ಜೋರಾಗಿ ಊದಿಸುತ್ತಾರೆ. ಮೊದಲ 1 ಸೆಕೆಂಡಿನಲ್ಲಿ ಹೊರಬಂದ ಗಾಳಿ 20% ಕಮ್ಮಿಯಾದರೆ ಅಲ್ಲಿಗೆ ನಿಲ್ಲಿಸುತ್ತಾರೆ. ಇದು ಮೊದಲ ಉಬ್ಬಸ.

ಒಂದೆರಡು ಗಂಟೆಯಲ್ಲಿ ಉಸಿರು ಸರಿಯಾಗುತ್ತದೆ. ಆದರೂ ಮನೆಗೆ ಕಳಿಸುವುದಿಲ್ಲ. ಯಾಕೆಂದರೆ 3ರಿಂದ 8 ಗಂಟೆಯ ನಡುವೆ, ಸುಮಾರು ಅರ್ಧದಷ್ಟು ಜನರಲ್ಲಿ ಶ್ವಾಸನಾಳ ಮತ್ತೆ ಬಿಗಿಯುತ್ತದೆ. ಹೊಸದಾಗಿ ಏನನ್ನೂ ಕೊಟ್ಟಿರುವುದಿಲ್ಲ! ಮೊದಲನೆಯದು ಮಾಸ್ಟ್ ಎಂಬ ರಕ್ಷಣಾ ಕಣಗಳು ಹಿಸ್ಟಮಿನ್, ಲ್ಯೂಕೋಟ್ರೀನ್ ಎಂಬ ರಾಸಾಯನಿಕಗಳನ್ನು ಸುರಿಸಿ ಸ್ನಾಯು ಬಿಗಿದದ್ದು. ಎರಡನೆಯದರಲ್ಲಿ ಊತವೂ ಸೇರಿರುತ್ತದೆ. ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಶ್ವಾಸನಾಳಕ್ಕೆ ನುಗ್ಗಿರುತ್ತವೆ, ಕಫದಲ್ಲೂ ಕಾಣುತ್ತವೆ. ಆಮೇಲೆ ಕೆಲವು ದಿನ ತಣ್ಣನೆ ಗಾಳಿ, ಹೊಗೆ ಸೋಕಿದರೂ ಉಬ್ಬಸ ಬರಬಹುದು.

ಈಗ ಔಷಧದ ವಿಷಯ. ಪರೀಕ್ಷೆಗೆ ಮೊದಲು ಸ್ನಾಯು ಸಡಿಲಿಸುವ ಸಾಲ್ಬುಟಮಾಲ್ ಪಫ್ ಕೊಟ್ಟರೆ ಮೊದಲ ಉಬ್ಬಸ ಬರುವುದಿಲ್ಲ, ಎರಡನೆಯದು ಬಂದೇ ಬರುತ್ತದೆ. ಊತ ಇಳಿಸುವ ಸ್ಟೀರಾಯ್ಡ್ ಪಫ್ ಒಂದೇ ಒಂದು ಡೋಸ್ ಕೊಟ್ಟರೆ ಉಲ್ಟಾ: ಮೊದಲನೆಯದು ಹಾಗೇ ಬರುತ್ತದೆ, ಎರಡನೆಯದು ತಗ್ಗುತ್ತದೆ. ಪಫ್ ತಗೊಂಡಾಗ ಹಾಯೆನಿಸುವುದು ಸ್ನಾಯು ಸಡಿಲವಾದದ್ದಕ್ಕೆ. ಊತ ಒಳಗೆ ಹಾಗೇ ಇರುತ್ತದೆ, ಅಲ್ವಾ?

ಹೊಸ ಔಷಧಗಳನ್ನೂ ಹೀಗೇ ಜಾಲಿಸಿ ನೋಡುತ್ತಾರೆ. ಟೆಜೆಪೆಲುಮ್ಯಾಬ್ ಎಂಬ ಔಷಧ ಎರಡೂ ಉಬ್ಬಸ ತಗ್ಗಿಸಿತೆಂದು 2014ರಲ್ಲಿ 31 ಜನರ ಸಣ್ಣ ಅಧ್ಯಯನದಲ್ಲಿ ಕಂಡಿತು. 2021ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ಈ ಪರೀಕ್ಷೆಯ ಮಾತೇ ಕೊನೆಯಲ್ಲ. ಮೆಪೊಲಿಜುಮ್ಯಾಬ್ ಎಂಬ ಇನ್ನೊಂದು ಔಷಧ 2000ದ ಅಧ್ಯಯನದಲ್ಲಿ ಇಯೋಸಿನೋಫಿಲ್ ಇಳಿಸಿದರೂ ಎರಡನೇ ಉಬ್ಬಸ ತಡೆಯಲಿಲ್ಲ. ಅದೇ ಔಷಧ ಇಯೋಸಿನೋಫಿಲ್ ಜಾಸ್ತಿ ಇರುವ ತೀವ್ರ ಅಸ್ತಮಾಕ್ಕೆ ಮುಂದೆ ಕೆಲಸಕ್ಕೆ ಬಂತು. ಸೌಮ್ಯ ಅಸ್ತಮಾದವರ ಒಂದು ದಿನದ ಉಬ್ಬಸ, ವರ್ಷಗಟ್ಟಲೆ ನರಳಿದವರ ಕಾಯಿಲೆ ಎರಡೂ ಒಂದೇ ಅಲ್ಲ.

ನಿಮ್ಮ ಅಲರ್ಜಿ ಪತ್ತೆಗೆ ಸಾಮಾನ್ಯವಾಗಿ ಇದು ಬೇಕಿಲ್ಲ, ಚರ್ಮದ ಪರೀಕ್ಷೆ ಅಥವಾ ರಕ್ತಪರೀಕ್ಷೆ ಸಾಕು. ಸುಮ್ನೆ ಮನೆಯಲ್ಲಿ ಧೂಳು ಕೊಡವಿ ನೋಡುವ ಪ್ರಯೋಗ ಖಂಡಿತ ಬೇಡ. ಸಂಜೆ ಉಬ್ಬಸ ಬಂದರೆ, ಬೆಳಿಗ್ಗೆ ಎಲ್ಲಿದ್ದಿರಿ, ಏನು ಮುಟ್ಟಿದಿರಿ ಅನ್ನುವುದನ್ನೂ ಡಾಕ್ಟರಿಗೆ ಹೇಳಿ.